ಆಟೋ ಲೈಫ್ ಜಾಕೆಟ್, ಹಾರ್ನೆಸ್, ಟೆದರ್: ಮಲ್ಪೆಯಲ್ಲಿ ಇಬ್ಬರೇ ಹಾಯಿದೋಣಿ ಬಿಡುವವರ ನಾಲ್ಕು ಸೀಸನ್‌ನ ಬಳಕೆ

ಮೊದಲೇ ಹೇಳಿಬಿಡುತ್ತೇನೆ: ಜಾಕೆಟ್ ಒಳ್ಳೆಯದು, ತೆಗೆದುಕೊಳ್ಳಿ. ಆದರೆ ನಿಮ್ಮ ದೋಣಿಯಲ್ಲಿ ಇಬ್ಬರೇ ಇರುವುದಾದರೆ, ಜಾಕೆಟ್ಟಿಗೆ ಪೂರ್ತಿ ದುಡ್ಡು ಸುರಿಯುವ ಮೊದಲು ಒಂದು ಗಿಡ್ಡ ಟೆದರ್‌ಗೂ (ಮೈಯನ್ನು ದೋಣಿಗೆ ಕಟ್ಟಿಡುವ, ತುದಿಗೆ ಕೊಂಡಿ ಇರುವ ಪಟ್ಟಿ) ಒಂದು ಪುಲ್ಲಿ ಸೆಟ್ಟಿಗೂ ಸ್ವಲ್ಪ ತೆಗೆದಿಡಿ. ಜಾಕೆಟ್ ಬಿದ್ದವನನ್ನು ತೇಲಿಸುತ್ತದೆ, ಅಷ್ಟೇ. ಬೀಳದ ಹಾಗೆ ಹಿಡಿಯುವುದೂ ಬಿದ್ದವನನ್ನು ಮೇಲೆ ಎತ್ತುವುದೂ ಬೇರೆ ಸಾಮಾನಿನ ಕೆಲಸ. ಆ ಸಾಮಾನಿನ ಬಗ್ಗೆ ಕನ್ನಡದಲ್ಲಿ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ, ಹಾಗಾಗಿ ಇಷ್ಟುದ್ದ.

ನಮ್ಮದು 22 ಅಡಿಯ ಫೈಬರ್ ಹಾಯಿದೋಣಿ, ಹಿಂದೆ ಸಣ್ಣ ಔಟ್‌ಬೋರ್ಡ್ ಎಂಜಿನ್. ಬಿಡುವುದು ನಾನು ಮತ್ತು ಭಾವ. ನಾನು ಕಾಲೇಜಿನಲ್ಲಿ ಎನ್‌ಸಿಸಿ ನೇವಿಯಲ್ಲಿದ್ದೆ, ಹಾಯಿ ಕಟ್ಟುವುದು ಅಲ್ಲಿ ಕಲಿತದ್ದು. ಭಾವನಿಗೆ ಕಲಿಸಿದ್ದು ನಾನೇ, ಈಗ ಅವರೇ ನನಗೆ ಹೇಳಿಕೊಡುತ್ತಾರೆ. ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ ಮೇ ತಿಂಗಳವರೆಗೆ ನಮ್ಮ ಸೀಸನ್. ಬೆಳಿಗ್ಗೆ ನೆಲದ ಕಡೆಯಿಂದ ಬರುವ ಗಾಳಿಗೆ ಮಲ್ಪೆ ಅಳಿವೆ ದಾಟಿ ಸೈಂಟ್ ಮೇರೀಸ್ ದ್ವೀಪದ ಆಚೆ ಹೋಗುವುದು, ಮಧ್ಯಾಹ್ನ ವಾಯುವ್ಯದ ಕಡಲಗಾಳಿ ಎದ್ದ ಮೇಲೆ ಅದರಲ್ಲೇ ತಿರುಗಿ ಬರುವುದು. ಒಮ್ಮೊಮ್ಮೆ ಕಾಪು ದೀಪಸ್ತಂಭದವರೆಗೆ.

ಬಳಸುತ್ತಿರುವುದು 150 ನ್ಯೂಟನ್‌ನ, ತನ್ನಷ್ಟಕ್ಕೆ ಉಬ್ಬುವ ಜಾಕೆಟ್ ಎರಡು. 150 ನ್ಯೂಟನ್ ಅಂದರೆ ಸುಮಾರು 15 ಕೆಜಿಯಷ್ಟು ತೇಲಿಸುವ ಬಲ. ಒಳಗೆ 33 ಗ್ರಾಂನ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ಎದೆಯ ಮೇಲೆ ಹಾರ್ನೆಸ್ ಕೊಂಡಿ, ಅಂದರೆ ಟೆದರ್ ಸಿಕ್ಕಿಸುವ ಜಾಗ. ದುಬೈಯಲ್ಲಿರುವ ನನ್ನ ತಮ್ಮ ಊರಿಗೆ ಬರುವಾಗ ತಂದುಕೊಟ್ಟದ್ದು. ಗ್ಯಾಸ್ ಸಿಲಿಂಡರ್ ಇರುವುದರಿಂದ ವಿಮಾನದವರ ಒಪ್ಪಿಗೆ ಮೊದಲೇ ಪಡೆಯಬೇಕು, ನೆನಪಿರಲಿ. ಎರಡೂ ಒಂದೇ ಕಂಪನಿಯವಲ್ಲ, ಹೆಸರು ಬರೆಯುತ್ತಿಲ್ಲ. ಮೇಲಿನ ಬಟ್ಟೆಯ ಬಣ್ಣ ಬೇರೆಯಾದರೂ ಒಳಗಿನ ಯಂತ್ರ ಹೆಚ್ಚಾಗಿ ಎರಡು ಬಗೆಯದ್ದೇ, ನೀವು ಆರಿಸಬೇಕಾದದ್ದು ಅದನ್ನು.

ಒಂದು ಬಗೆಯಲ್ಲಿ ಸಣ್ಣ ಮಾತ್ರೆ ಇರುತ್ತದೆ. ಅದು ನೀರಿಗೆ ಕರಗಿದರೆ ಹಿಡಿದಿಟ್ಟ ಸ್ಪ್ರಿಂಗ್ ಬಿಟ್ಟು, ಸೂಜಿ ಹೋಗಿ ಸಿಲಿಂಡರಿನ ಬಾಯಿ ಚುಚ್ಚುತ್ತದೆ. ಇನ್ನೊಂದು ಬಗೆಯದ್ದು ನೀರಿನ ಒತ್ತಡಕ್ಕೆ ಕೆಲಸ ಮಾಡುವುದು. ಸುಮಾರು 10 ಸೆಂಟಿಮೀಟರ್ ಮುಳುಗಿದರೆ ಮಾತ್ರ ಅದರ ಬಾಗಿಲು ತೆರೆಯುತ್ತದೆ. ಮಳೆ, ಅಲೆಯ ಸಿಂಪಡಿಕೆ, ಬೆವರು ಯಾವುದಕ್ಕೂ ಜಗ್ಗುವುದಿಲ್ಲ. ಮಾತ್ರೆಯದ್ದು ಅಗ್ಗ, ನಮಗೆ ಒಂಬತ್ತು ಸಾವಿರದ ಹತ್ತಿರ ಬಿತ್ತು. ಒತ್ತಡದ್ದಕ್ಕೆ ಅದರ ಎರಡು ಪಟ್ಟು. ಪರೀಕ್ಷೆ ಮಾಡುವ ಅಂತ ಒಂದೊಂದು ತರಿಸಿದೆವು.

ಪರೀಕ್ಷೆಯ ಫಲಿತಾಂಶ ಸಿಕ್ಕಿದ್ದು ಕಡಲಲ್ಲಿ ಅಲ್ಲ, ಮನೆಯಲ್ಲಿ. ಆಟಿ ತಿಂಗಳ ಮಳೆ, ಹೊರಗೆ ಒಣಗಲು ಹಾಕಿದ ಪಂಚೆ ಮೂರು ದಿನವಾದರೂ ಒಣಗಿರಲಿಲ್ಲ. ಭಾವನ ಮಾತ್ರೆ ಜಾಕೆಟ್ ಮಲಗುವ ಕೋಣೆಯ ಕಪಾಟಿನಲ್ಲಿ, ಕಂಬಳಿಗಳ ಮೇಲೆ ಇತ್ತು. ರಾತ್ರಿ ಊಟ ಮುಗಿಸಿ ಕುಳಿತಿದ್ದಾಗ ಒಳಗಿನಿಂದ ಡಬ್ ಅಂತ ಒಂದು ಶಬ್ದ, ಹಿಂದೆಯೇ ಸುಯ್ಯೆನ್ನುವ ಸದ್ದು. ಅಕ್ಕ ಅಡುಗೆಮನೆಗೆ ಓಡಿ ಗ್ಯಾಸ್ ಬಂದ್ ಮಾಡಿದರು. ಹೋಗಿ ನೋಡಿದರೆ ಕಪಾಟಿನ ಬಾಗಿಲು ತಾನೇ ತೆರೆದುಕೊಂಡಿದೆ, ಹಳದಿ ಜಾಕೆಟ್ ಪೂರ್ತಿ ಉಬ್ಬಿ ಎರಡು ಕಂಬಳಿಗಳನ್ನು ನೆಲಕ್ಕೆ ದೂಡಿದೆ. ಒಂದು ಹನಿ ನೀರು ಬಿದ್ದಿಲ್ಲ. ಗಾಳಿಯ ತೇವಕ್ಕೇ ಮಾತ್ರೆ ಮೆತ್ತಗಾಗಿ ಬಿಟ್ಟುಕೊಟ್ಟಿದೆ. ಆ ಕಾಲದಲ್ಲಿ ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುವ ನಮ್ಮ ಊರಿಗೆ ಈ ಬಗೆ ಹೇಳಿಸಿದ್ದಲ್ಲ ಎಂದು ನನಗೆ ಅಂದೇ ಗೊತ್ತಾಯಿತು. ಭಾವ ಮಾತ್ರ ಹೊಸ ಮಾತ್ರೆ, ಹೊಸ ಸಿಲಿಂಡರ್ ಹಾಕಿಸಿ ಇನ್ನೊಂದು ಸೀಸನ್ ಓಡಿಸಿದರು. ಆಮೇಲೆ ಒಂದು ಮಧ್ಯಾಹ್ನ ಮುಂಭಾಗದಲ್ಲಿ ಹಾಯಿ ಇಳಿಸುತ್ತಿದ್ದಾಗ ಅಲೆ ಹಾರಿ ಮೈಮೇಲೆ ಬಿದ್ದು ಜಾಕೆಟ್ ಅಲ್ಲೇ ಉಬ್ಬಿತು. ಕುತ್ತಿಗೆ ಆಚೀಚೆ ತಿರುಗದ ಸ್ಥಿತಿಯಲ್ಲಿ, ಎರಡೂ ಕೈಯಲ್ಲಿ ಹಾಯಿ ಹಿಡಿದುಕೊಂಡು, ಅವರು ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ. ಈಗ ಇಬ್ಬರದ್ದೂ ಒತ್ತಡದ ಬಗೆಯದ್ದೇ.

ಧರಿಸುವ ವಿಷಯಕ್ಕೆ ಬಂದರೆ ಈ ಜಾಕೆಟ್ಟಿಗೆ ಪೂರ್ತಿ ಅಂಕ. ದ್ವೀಪದ ಪ್ರವಾಸಿ ದೋಣಿಗಳಲ್ಲಿ ಕೊಡುವ ಕಿತ್ತಳೆ ಬಣ್ಣದ ಫೋಮ್ ಜಾಕೆಟ್ ಹಾಕಿಕೊಂಡು ಏಪ್ರಿಲ್ ಸೆಕೆಯಲ್ಲಿ ಅರ್ಧ ದಿನ ಕುಳಿತವರಿಗೆ ಗೊತ್ತು, ಮೊದಲ ಅವಕಾಶಕ್ಕೆ ಅದನ್ನು ಬಿಚ್ಚಿ ಪಕ್ಕಕ್ಕಿಡುತ್ತಾರೆ. ಬಿಚ್ಚಿಟ್ಟ ಜಾಕೆಟ್ ಇದ್ದೂ ಇಲ್ಲದ್ದು. ಇದಾದರೋ ಹೆಗಲಿಗೆ ಶಾಲು ಹಾಕಿದ ಹಾಗೆ ಇರುತ್ತದೆ, ಹಾಕಿದ್ದು ಮರೆತೇ ಹೋಗುತ್ತದೆ. ನಾವು ದಕ್ಕೆಯಲ್ಲೇ (ಬೋಟು ಕಟ್ಟುವ ಕಟ್ಟೆ) ಹಾಕಿಕೊಂಡರೆ ಮತ್ತೆ ದಕ್ಕೆಗೆ ಬಂದೇ ತೆಗೆಯುವುದು.

ಒಂದು ತಕರಾರು ತೊಡೆಸಂದಿನ ಪಟ್ಟಿಯದ್ದು. ಭಾವ ಅದಕ್ಕೆ ಕೌಪೀನ ಅಂತ ಹೆಸರಿಟ್ಟಿದ್ದಾರೆ. ಲುಂಗಿ ಉಟ್ಟು ಬಂದರೆ ಹಾಕಲಾಗುವುದಿಲ್ಲ, ಚಡ್ಡಿಯೇ ಬೇಕು. ಕೆಲವು ಕಂಪನಿಯವರು ಅದನ್ನು ಜಾಕೆಟ್ ಜೊತೆ ಕೊಡದೆ ಬೇರೆಯಾಗಿ ಮಾರುತ್ತಾರೆ, ಇದು ನನಗೆ ಸರಿ ಕಾಣುವುದಿಲ್ಲ. ಯಾಕೆಂದರೆ ಆ ಪಟ್ಟಿ ಇಲ್ಲದೆ ನೀರಿಗೆ ಇಳಿದು ನೋಡಿದ್ದೇವೆ. ಉಬ್ಬಿದ ಜಾಕೆಟ್ ಮೇಲಕ್ಕೆ, ಮನುಷ್ಯ ಕೆಳಕ್ಕೆ. ಜಾಕೆಟ್ ಕಿವಿಯ ಮೇಲೆ ಏರಿ ಕೂರುತ್ತದೆ, ಬಾಯಿ ಮೂಗು ನೀರಿನ ಮಟ್ಟಕ್ಕೆ ಬರುತ್ತದೆ, ಎರಡು ಕೈಯಿಂದ ಅದನ್ನು ಕೆಳಗೆ ಎಳೆದು ಹಿಡಿಯುವುದೇ ಕೆಲಸ. ಪಟ್ಟಿ ಬಿಗಿದು ಇಳಿದಾಗ ಗಲ್ಲ ಆರಾಮವಾಗಿ ನೀರಿನ ಮೇಲೆ, ಮುಖ ಆಕಾಶಕ್ಕೆ. ನಮ್ಮ ಕಡಲಿನ ನೀರು ಸೀಸನ್ ಪೂರ್ತಿ 28 ಡಿಗ್ರಿಯ ಆಸುಪಾಸು, ಯುರೋಪಿನವರ ಹಾಗೆ ಚಳಿಗೆ ಮರಗಟ್ಟಿ ಹೋಗುವ ಭಯ ಇಲ್ಲಿಲ್ಲ. ಇಲ್ಲಿ ಮನುಷ್ಯನನ್ನು ಸೋಲಿಸುವುದು ಸುಸ್ತು ಮತ್ತು ಮುಖಕ್ಕೆ ಮೇಲಿಂದ ಮೇಲೆ ಬಡಿಯುವ ಸಣ್ಣ ಅಲೆ. ಈಜು ಚೆನ್ನಾಗಿ ಬರುತ್ತದೆ ಎನ್ನುವವರೂ ಬಟ್ಟೆ ಹಾಕಿಕೊಂಡು ಆ ಅಲೆಯಲ್ಲಿ ಹತ್ತು ನಿಮಿಷ ಇದ್ದು ನೋಡಲಿ.

ಇಷ್ಟರವರೆಗೆ ಜಾಕೆಟ್ಟಿನ ಕಥೆ. ಈಗ ಅದು ಮಾಡದ ಕೆಲಸ.

ನಮ್ಮ ದೋಣಿ ಒಳ್ಳೆ ಗಾಳಿಗೆ 5 ನಾಟ್ ಓಡುತ್ತದೆ, ಸೆಕೆಂಡಿಗೆ ಎರಡೂವರೆ ಮೀಟರ್. ಚುಕ್ಕಾಣಿ ಹಿಡಿದವನು ಹಾಯಿ ಸಡಿಲಿಸಿ, ದೋಣಿ ತಿರುಗಿಸಿ, ಹಿಂದೆ ನೋಡುವಷ್ಟರಲ್ಲಿ ಒಂದು ನಿಮಿಷ ಕಳೆಯಿತು ಅಂದುಕೊಳ್ಳಿ, ಬಿದ್ದವನು 150 ಮೀಟರ್ ಹಿಂದೆ. ಒಂದು ಮೀಟರ್ ಅಲೆ ಇದ್ದರೆ ಅಷ್ಟು ದೂರದ ತಲೆ ಕಾಣುವುದು ಅಲೆ ಏರಿದಾಗ ಮಾತ್ರ. ದೊಡ್ಡ ತಂಡವಾದರೆ ಒಬ್ಬನಿಗೆ ಬೇರೆ ಕೆಲಸವೇ ಇಲ್ಲ. ಬಿದ್ದವನ ಕಡೆ ಬೆರಳು ತೋರಿಸಿಕೊಂಡು ನಿಲ್ಲುವುದು, ಕಣ್ಣು ತೆಗೆಯದಿರುವುದು. ಇಬ್ಬರ ದೋಣಿಯಲ್ಲಿ ಆ ಒಬ್ಬ ಎಲ್ಲಿಂದ ಬರಬೇಕು? ಉಳಿದವನೇ ಕಣ್ಣಿಡಬೇಕು, ಅವನೇ ಹಗ್ಗ ಬಿಡಬೇಕು, ಅವನೇ ಎಂಜಿನ್ ನೋಡಬೇಕು, ಅವನೇ ಫೋನ್ ಮಾಡಬೇಕು.

ಒಳ್ಳೊಳ್ಳೆಯವರಿಗೇ ಇದು ಆಗಿದೆ. ಫ್ರಾನ್ಸಿನ ಎರಿಕ್ ತಬಾರ್ಲಿ, ಜೀವಮಾನವೆಲ್ಲ ಕಡಲಲ್ಲೇ ಕಳೆದ ಮನುಷ್ಯ, 1998ರ ಜೂನ್‌ನಲ್ಲಿ ರಾತ್ರಿ ಹಾಯಿ ಬದಲಿಸುವಾಗ ನೀರಿಗೆ ಬಿದ್ದು ತೀರಿಕೊಂಡರು. ಮೈಮೇಲೆ ಜಾಕೆಟ್ಟೂ ಇರಲಿಲ್ಲ, ಹಾರ್ನೆಸ್ಸೂ ಇರಲಿಲ್ಲ. ಅದು ಹಳೆಯ ಕಾಲದವರ ರೀತಿ ಅನ್ನಬಹುದು. 2018ರ ಮಾರ್ಚ್‌ನಲ್ಲಿ ಜಗತ್ತು ಸುತ್ತುವ ಹಾಯಿದೋಣಿಗಳ ವೋಲ್ವೋ ಓಷನ್ ರೇಸ್‌ನಲ್ಲಿ ಜಾನ್ ಫಿಶರ್ ಎಂಬ ನಾವಿಕ ತೀರಿಹೋದದ್ದು ಹಾಗಲ್ಲ. ಅವರ ಮೈಮೇಲೆ ಎಲ್ಲ ಸಾಮಾನೂ ಇತ್ತು. ಜಾಗ ಬದಲಿಸಲೆಂದು ಟೆದರ್ ಕೊಂಡಿ ತೆಗೆದ ಆ ಸ್ವಲ್ಪ ಹೊತ್ತಿನಲ್ಲಿ ಹಾಯಿ ಹಠಾತ್ತನೆ ಆಚೆಗೆ ಹೊರಳಿತು, ಅದರ ಹಗ್ಗ ರಾಟೆಗಳು ಬಡಿದು ಅವರು ನೀರಿಗೆ ಹೋದರು. ನುರಿತ ತಂಡ ಗಂಟೆಗಟ್ಟಲೆ ಹುಡುಕಿದರೂ ಸಿಗಲಿಲ್ಲ. ಇದನ್ನು ಓದಿದ ಮೇಲೆಯೇ ನಾವು ಎರಡು ಕಾಲಿನ ಟೆದರ್‌ಗೆ ಬದಲಾದದ್ದು: ಒಂದು ಕಾಲು 2 ಮೀಟರ್, ಇನ್ನೊಂದು 1 ಮೀಟರ್. ಹೊಸ ಜಾಗಕ್ಕೆ ಒಂದನ್ನು ಸಿಕ್ಕಿಸಿದ ಮೇಲೆಯೇ ಹಳೆಯದನ್ನು ಬಿಡುವುದು.

ಅದರಲ್ಲಿಯೂ ಗಿಡ್ಡ ಕಾಲೇ ಜೀವ ಉಳಿಸುವುದು. ಉದ್ದದ್ದಾದರೆ ನೀವು ಅಂಚು ದಾಟಿ ನೀರಿಗೆ ಬೀಳುತ್ತೀರಿ, ಆದರೆ ದೋಣಿಗೆ ಕಟ್ಟಿಕೊಂಡೇ ಇರುತ್ತೀರಿ. 5 ನಾಟ್‌ನಲ್ಲಿ ಎಳೆದುಕೊಂಡು ಹೋಗುವ ದೋಣಿಯ ಪಕ್ಕ ಮುಖ ಮೇಲೆ ಇಡಲು ಆಗುವುದಿಲ್ಲ, ನೀರು ಬಾಯಿಗೇ ನುಗ್ಗುತ್ತದೆ. 2011ರಲ್ಲಿ ಇಂಗ್ಲೆಂಡಿನ ದಕ್ಷಿಣಕ್ಕೆ ಒಂದು ಯಾಟ್‌ನ ಕ್ಯಾಪ್ಟನ್ ಹೀಗೆಯೇ ಮುಳುಗಿದರು, ಟೆದರ್ ಕಡಿದಿರಲಿಲ್ಲ, ಜಾಕೆಟ್ ಉಬ್ಬಿತ್ತು. ಹಾಗಾಗಿ ಟೆದರ್ ಇರುವುದು ಬಿದ್ದಾಗ ಹಿಡಿಯಲಿಕ್ಕೆ ಅಲ್ಲ, ಅಂಚಿನವರೆಗೆ ಹೋಗದ ಹಾಗೆ ಮಾಡಲಿಕ್ಕೆ. ನಾವು ಹಿಂದಿನಿಂದ ಮುಂದಕ್ಕೆ ದೋಣಿಯ ನಡುವಿನಲ್ಲೇ, ಟೆದರ್ ಕೊಂಡಿ ಸಿಕ್ಕಿಸಲಿಕ್ಕೆ, ಚಪ್ಪಟೆ ಪಟ್ಟಿ ಬಿಗಿದಿದ್ದೇವೆ. ಮೊದಲು ದುಂಡನೆಯ ಹಗ್ಗ ಇತ್ತು, ಕಾಲಿಗೆ ಸಿಕ್ಕಿ ಉರುಳುತ್ತಿತ್ತು. ಪಟ್ಟಿ ಪಾಲಿಯೆಸ್ಟರ್‌ನದ್ದಾಗಿರಲಿ, ನೈಲಾನ್ ಒದ್ದೆಯಾದರೆ ತುಂಬಾ ಹಿಗ್ಗುತ್ತದೆ. ಕಡಲ ರೇಸಿನ ನಿಯಮದಲ್ಲಿ ಇಂಥ ಪಟ್ಟಿ 2,040 ಕೆಜಿ ತಡೆಯಬೇಕು ಎಂದು ಉಂಟು. ಪೇಟೆಯಲ್ಲಿ ಸಿಗುವ ಲಾರಿ ಬೆಲ್ಟ್ ತಂದು ಹೊಲಿಸಿಕೊಳ್ಳಬಹುದಲ್ಲಾ ಅಂತ ಕೇಳುವವರು ಇದ್ದಾರೆ. ಬೆಲ್ಟ್ ತಡೆಯಬಹುದು, ಹೊಲಿಗೆಯ ನೂಲು ನಮ್ಮ ಬಿಸಿಲಿಗೆ ಎರಡು ಸೀಸನ್ ತಡೆಯುವುದಿಲ್ಲ. ನಮ್ಮ ಪಟ್ಟಿಯನ್ನು ಮಳೆಗಾಲಕ್ಕೆ ಬಿಚ್ಚಿ ಒಳಗಿಡುತ್ತೇವೆ, ಆದರೂ ಒಮ್ಮೆ ಬದಲಿಸಿ ಆಯಿತು.

ಕೊಂಡಿಯ ವಿಷಯ ಇನ್ನೊಂದು. 2017ರ ನವೆಂಬರ್‌ನಲ್ಲಿ ಕ್ಲಿಪ್ಪರ್ ಎಂಬ ಇನ್ನೊಂದು ಹಾಯಿದೋಣಿ ರೇಸಿನ ದೋಣಿಯೊಂದರಲ್ಲಿ ಟೆದರ್ ಕಟ್ಟಿಕೊಂಡಿದ್ದ ನಾವಿಕನೊಬ್ಬ ಸತ್ತದ್ದು ಕೊಂಡಿಯಿಂದಲೇ. ಅದು ಡೆಕ್ಕಿನ ಕ್ಲೀಟಿನ (ಹಗ್ಗ ಕಟ್ಟುವ ಗೂಟ) ಅಡಿಗೆ ಸಿಕ್ಕಿಕೊಂಡು, ಭಾರ ಅಡ್ಡಕ್ಕೆ ಬಿದ್ದು, ಬಾಗಿ ಬಿಟ್ಟುಕೊಂಡಿತು ಎಂದು ಬ್ರಿಟನ್‌ನ ಸಾಗರ ಅಪಘಾತ ತನಿಖಾ ವಿಭಾಗ ಹೇಳಿದೆ. ಕೊಂಡಿ ನೇರ ಎಳೆತಕ್ಕೆ ಎಷ್ಟೇ ಗಟ್ಟಿಯಾದರೂ ಅಡ್ಡ ಎಳೆತಕ್ಕೆ ಗಟ್ಟಿಯಲ್ಲ. ಅದನ್ನು ಓದಿ ನಾವು ನಮ್ಮ ದೋಣಿಯಲ್ಲಿ ಪಟ್ಟಿಯ ಉದ್ದಕ್ಕೂ ಕೊಂಡಿ ಜಾರಿಸಿ ನೋಡಿದೆವು. ಹಾಯಿಕಂಬದ ಬುಡದ ಎಡಗಡೆಯ ಕ್ಲೀಟಿನಲ್ಲಿ ಅದು ಸರಿಯಾಗಿ ಹೋಗಿ ಕೂತುಕೊಂಡಿತು. ಪಟ್ಟಿಯನ್ನು ನಾಲ್ಕು ಬೆರಳು ಬಲಕ್ಕೆ ಸರಿಸಿದೆವು. ಎದೆಯ ಕಡೆಯ ತುದಿ ಮಾತ್ರ ಭಾರ ಬಿದ್ದಾಗಲೂ ಎಳೆದರೆ ಬಿಟ್ಟುಕೊಳ್ಳುವ ಬಗೆಯದ್ದಿರಬೇಕು. ದೋಣಿ ಮಗುಚಿದರೆ ಅದಕ್ಕೇ ಕಟ್ಟಿಕೊಂಡು ಅಡಿಯಲ್ಲಿ ಉಳಿಯುವುದು ಬೇಡ. ಅಳಿವೆ ಬಾಗಿಲಲ್ಲಿ ಅಲೆ ಒಡೆಯುವ ಜಾಗದಲ್ಲಿ ನಾವು ಟೆದರ್ ಹಾಕುವುದೇ ಇಲ್ಲ, ಕುಳಿತೇ ದಾಟುತ್ತೇವೆ, ಎಳೆದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ದಾರ ಮಾತ್ರ ಚುಕ್ಕಾಣಿಯವನ ಮಣಿಕಟ್ಟಿಗೆ. ಇದು ನಮ್ಮ ನಿರ್ಧಾರ, ಒಪ್ಪದವರೂ ಇದ್ದಾರೆ.

ಬೀಳುವುದು ಬಿರುಗಾಳಿಯಲ್ಲೇ ಅಂತ ಇಲ್ಲ. 'ಆಯತಪ್ಪಿ ಸಮುದ್ರಕ್ಕೆ ಬಿದ್ದು ಮೀನುಗಾರ ನಾಪತ್ತೆ' ಎನ್ನುವ ಸಾಲು ಕರಾವಳಿಯ ಪತ್ರಿಕೆ ಓದುವವರಿಗೆ ಹೊಸದಲ್ಲ. ಬೋಟಿನ ಹಿಂಬದಿಗೆ ಮೂತ್ರಕ್ಕೆ ಹೋಗಿ ಬೀಳುವುದು ದಕ್ಕೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ನಮ್ಮ ದೋಣಿಯಲ್ಲಿ ಅದಕ್ಕೆ ಒಂದು ಬಾಲ್ದಿ ಉಂಟು. ನೆಂಟರು ಬಂದಾಗ ನಗುತ್ತಾರೆ, ನಗಲಿ.

ಈಗ ಎತ್ತುವ ವಿಷಯ. ಜಾಕೆಟ್ ತೋರಿಸಿದಾಗ ಮಲ್ಪೆಯ ಒಬ್ಬ ಹಿರಿಯ ತಾಂಡೇಲರು (ಮೀನುಗಾರಿಕೆ ಬೋಟು ನಡೆಸುವವರು) ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ್ದು ಒಂದೇ: "ಒಳ್ಳೆದುಂಟು ಮಾರಾಯ್ರೆ. ಬಿದ್ದವನನ್ನು ಮೇಲೆ ತರುವುದು ಹೇಗೆ? ನೀವು ಇಬ್ಬರೇ ಅಲ್ವಾ?" ಅವರ ಬೋಟಿನಲ್ಲಿ ಕೈಹಿಡಿದು ಎಳೆಯಲು ಏಳೆಂಟು ಜನ ಇರುತ್ತಾರೆ. ಭಾವ 85 ಕೆಜಿ, ನಾನು 60. ದ್ವೀಪದ ಪೂರ್ವಕ್ಕೆ, ಗಾಳಿ ಮರೆಯಾಗುವ ಜಾಗದಲ್ಲಿ ಲಂಗರು ಹಾಕಿ ಭಾವನನ್ನು ನೀರಿಗೆ ಇಳಿಸಿ ನೋಡಿದೆವು. ಕಂಕುಳಿಗೆ ಕೈಹಾಕಿ ಎಳೆದರೆ ಎದೆಯವರೆಗೆ ಬರುತ್ತಾರೆ, ಅಲ್ಲಿಂದ ಮೇಲೆ ಒಂದಿಂಚೂ ಇಲ್ಲ. ಅದೂ ಅವರು ಪೂರ್ತಿ ಎಚ್ಚರದಲ್ಲಿದ್ದು, ನನಗೆ ಬೈಯುತ್ತಾ, ಕಾಲು ಬಡಿಯುತ್ತಾ ಇದ್ದಾಗ. ಹಿಂದಿನ ಏಣಿಯಲ್ಲಿ ಹತ್ತುವ ಅಂದರೆ ಅದರ ಕೆಳಗಿನ ಮೆಟ್ಟಿಲು ನೀರಿನ ಮಟ್ಟದಲ್ಲೇ ಇತ್ತು. ಉಬ್ಬಿದ ಜಾಕೆಟ್ ಎದೆಗೂ ಏಣಿಗೂ ನಡುವೆ ಬಂದು ಕೂರುತ್ತದೆ, ಮೊಣಕಾಲು ಮೇಲೆತ್ತಲು ಜಾಗವೇ ಸಿಗದು. ಬಾಯಿಂದ ಊದುವ ಕೊಳವೆಯ ತುದಿ ಒತ್ತಿ ಸ್ವಲ್ಪ ಗಾಳಿ ಬಿಟ್ಟ ಮೇಲೆ ಸ್ವಲ್ಪ ಸಲೀಸಾಯಿತು. ಏಣಿಗೆ ಕೆಳಗೆ ಇನ್ನೆರಡು ಮೆಟ್ಟಿಲು ವೆಲ್ಡ್ ಮಾಡಿಸಿದ್ದೇವೆ. ಕಡಲು ಶಾಂತ ಇದ್ದರೆ ಅದು ಸಾಕು. ಅಲೆ ಇದ್ದರೆ ದೋಣಿಯ ಹಿಂಭಾಗ ಎದ್ದು ಬೀಳುವಾಗ ಏಣಿ ತಲೆಗೇ ಬಡಿಯಬಹುದು, ಆಗ ಪಕ್ಕದಿಂದಲೇ ಎತ್ತಬೇಕು.

ಅದಕ್ಕೆ ಇರುವುದು ನಾಲ್ಕು ಸುತ್ತಿನ ಪುಲ್ಲಿ ಸೆಟ್. ಮೇಲಿನ ಪುಲ್ಲಿಯನ್ನು ಹಾಯಿ ಏರಿಸುವ ಹಗ್ಗಕ್ಕೆ ಸಿಕ್ಕಿಸಿ ಎತ್ತರಕ್ಕೆ ಏರಿಸಿ ಬಿಗಿಯುವುದು, ಕೆಳಗಿನದನ್ನು ಜಾಕೆಟ್ಟಿನ ಎತ್ತುವ ಕುಣಿಕೆಗೆ ಹಾಕುವುದು. ಭಾರ ನಾಲ್ಕು ಪಾಲಾಗುವುದರಿಂದ 85 ಕೆಜಿ ಎತ್ತಲು ಎಳೆಯುವ ಕೈಗೆ ಲೆಕ್ಕದಲ್ಲಿ 21 ಕೆಜಿಯ ಆಸುಪಾಸು ಆಗಬೇಕು. ಒದ್ದೆ ಬಟ್ಟೆ, ಹಗ್ಗದ ತಿಕ್ಕಾಟ ಸೇರಿ ಕೈಗೆ ಅದಕ್ಕಿಂತ ಜಾಸ್ತಿಯೇ ಗೊತ್ತಾಗುತ್ತದೆ. ಆದರೂ 60 ಕೆಜಿಯ ನಾನು ಭಾವನನ್ನು ಒಬ್ಬನೇ ಎತ್ತಿದ್ದೇನೆ. ಎಳೆದಷ್ಟು ಹಗ್ಗ ತಾನೇ ಕಚ್ಚಿ ಹಿಡಿಯುವ ಕ್ಲೀಟ್ ಇರುವ ಸೆಟ್ಟೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಉಸಿರು ತೆಗೆದುಕೊಳ್ಳಲು ನಿಂತ ಕೂಡಲೇ ಮನುಷ್ಯ ವಾಪಸ್ ನೀರಿಗೆ. ತುಂಬಾ ಹೊತ್ತು ನೀರಲ್ಲಿದ್ದವರನ್ನು ಆದಷ್ಟು ಮಲಗಿಸಿದ ಭಂಗಿಯಲ್ಲಿ ಎತ್ತಬೇಕು, ನೆಟ್ಟಗೆ ತೂಗಿಸಿದರೆ ರಕ್ತದೊತ್ತಡ ಕುಸಿಯುವುದುಂಟು. ಅದಕ್ಕೆ ಮೊಣಕಾಲಿನ ಹಿಂದೆ ಹಾಕಲು ಎರಡನೇ ಕುಣಿಕೆ ಇಟ್ಟಿದ್ದೇವೆ. ಸೆಟ್ ಪೂರ್ತಿ ಒಂದು ರೆಕ್ಸಿನ್ ಚೀಲದಲ್ಲಿ, ಸೀಟ್ ಕವರ್ ಹೊಲಿಯುವವರ ಹತ್ತಿರ ಹೊಲಿಸಿದ್ದು, ಕಂಬದ ಬುಡದಲ್ಲೇ ಇರುತ್ತದೆ.

ತಿರುಗಿ ಬರುವ ವಿಧಾನಕ್ಕೆ ಹೆಚ್ಚು ಹೇಳುವುದಿಲ್ಲ, ಅದು ಓದಿ ಬರುವುದಲ್ಲ. ನಾವು ಮಾಡುವುದು: ಬಿದ್ದ ಕೂಡಲೇ ಕೈಗೆ ಸಿಕ್ಕ ತೇಲುವ ವಸ್ತು ಎಸೆಯುವುದು (ಕೆಂಪು ಬಟ್ಟೆ ಕಟ್ಟಿದ ಖಾಲಿ ಕ್ಯಾನ್ ಹಿಂದೆಯೇ ಇರುತ್ತದೆ), ಮುಂದಿನ ಹಾಯಿಯ ಹಗ್ಗ ಮುಟ್ಟದೆ ಚುಕ್ಕಾಣಿ ತಿರುಗಿಸಿ ದೋಣಿಯನ್ನು ಗಾಳಿಗೆ ಎದುರು ತಂದು ಅಲ್ಲೇ ನಿಧಾನ ಮಾಡುವುದು, ಸಣ್ಣ ಸುತ್ತಿನಲ್ಲೇ ಅವನ ಹತ್ತಿರ ಬರುವುದು. ಎಂಜಿನ್ ಹಾಕುವ ಮೊದಲು ನೀರಿನಲ್ಲಿ ಹಗ್ಗ ಬಿದ್ದಿದೆಯೇ ಎಂದು ಒಮ್ಮೆ ನೋಡಬೇಕು, ಮನುಷ್ಯ ಪಕ್ಕಕ್ಕೆ ಬಂದ ಮೇಲೆ ಎಂಜಿನ್ ಬಂದ್. ಕೈಮೀರುತ್ತಿದೆ ಅನಿಸಿದರೆ ನಾಚಿಕೆ ಇಟ್ಟುಕೊಳ್ಳಬೇಡಿ: ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093, ರೇಡಿಯೋ ಇದ್ದರೆ ವಿಎಚ್‌ಎಫ್ ಚಾನೆಲ್ 16. ದ್ವೀಪದ ಆಸುಪಾಸು ನಮಗೆ ಮೊಬೈಲ್ ಸಿಗ್ನಲ್ ಸಿಗುತ್ತದೆ. ಇಬ್ಬರ ಫೋನೂ ನೀರು ಹೋಗದ ಚೀಲದಲ್ಲಿ ಇಬ್ಬರ ಮೈಮೇಲೇ ಇರಲಿ. ಒಂದೇ ಫೋನ್ ಇದ್ದು ಅದು ಬಿದ್ದವನ ಜೇಬಿನಲ್ಲೇ ಹೋದರೆ ಏನು ಮಾಡುತ್ತೀರಿ?

ಜಾಕೆಟ್ಟಿನ ಆರೈಕೆ ಸುಲಭ, ಆದರೆ ಮಾಡಲೇಬೇಕು. ಪ್ರತಿ ಸಲ ಹೊರಡುವ ಮೊದಲು ಸೂಚಕ ಹಸಿರು ಇದೆಯೇ ನೋಡಿ, ಸಿಲಿಂಡರನ್ನು ಕೈಯಲ್ಲಿ ತಿರುಗಿಸಿ ಬಿಗಿ ಇದೆಯೇ ನೋಡಿ. ಎಂಜಿನ್ನಿನ ಅದುರಾಟಕ್ಕೆ ಅದು ಸಡಿಲವಾಗುತ್ತದೆ, ಸಡಿಲವಾದ ಸಿಲಿಂಡರಿಗೆ ಸೂಜಿ ಸರಿಯಾಗಿ ತಾಗುವುದಿಲ್ಲ. ವರ್ಷಕ್ಕೊಮ್ಮೆ ಸಿಲಿಂಡರ್ ಬಿಚ್ಚಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಅದರ ಮೇಲೆ ಒತ್ತಿದ ತೂಕಕ್ಕೆ ತಾಳೆ ನೋಡಿ. ಜಾಕೆಟ್ಟನ್ನು ಬಾಯಿಂದ ಊದಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಒತ್ತಿ ನೋಡಿ. ಮಳೆಗಾಲಕ್ಕೆ ಮೊದಲು ಸಿಹಿನೀರಿನಲ್ಲಿ ತೊಳೆಯುವಾಗ ಯಂತ್ರ ಬಿಚ್ಚಿಡಲು ಮರೆಯಬೇಡಿ.

ಬೇಸರ ಇರುವುದು ಬಿಡಿಭಾಗದ ಬಗ್ಗೆ. ಒತ್ತಡದ ಯಂತ್ರಕ್ಕೆ ಐದು ವರ್ಷದ ಆಯಸ್ಸು, ದಿನಾಂಕ ಅದರ ಮೇಲೆಯೇ ಇರುತ್ತದೆ. ಅದರ ಕಿಟ್ ಉಡುಪಿಯಲ್ಲೂ ಇಲ್ಲ, ಮಂಗಳೂರು ಬಂದರಿನ ಅಂಗಡಿಗಳಲ್ಲಿ ವಿಚಾರಿಸಿದರೆ ಫೋಮ್ ಜಾಕೆಟ್ ತೋರಿಸುತ್ತಾರೆ. ಆನ್‌ಲೈನ್‌ನಲ್ಲಿ ತರಿಸಿದರೆ ಗ್ಯಾಸ್ ಸಿಲಿಂಡರ್ ಎಂದು ವಿಮಾನಕ್ಕೆ ಹಾಕುವುದಿಲ್ಲ, ರಸ್ತೆಯಲ್ಲಿ ಬರಲು ವಾರಗಟ್ಟಲೆ. ಆರೇಳು ಸಾವಿರದ ಕಿಟ್ ಬರುವಾಗ ಒಮ್ಮೆ ನಮಗೆ ಅರ್ಧ ಆಯಸ್ಸು ಮುಗಿದದ್ದು ಬಂತು. ಮಾರಿದವರಿಗೆ ಫೋಟೋ ಕಳುಹಿಸಿ ತಿಂಗಳು ಕಾದ ಮೇಲೆ ಬದಲಿಸಿಕೊಟ್ಟರು. ಆರ್ಡರ್ ಮಾಡುವ ಮೊದಲೇ ದಿನಾಂಕದ ಫೋಟೋ ಕೇಳಿ. ಹಳೆಯ ಜಾಕೆಟ್ ಯಾರಾದರೂ ಅಗ್ಗಕ್ಕೆ ಕೊಡುತ್ತಾರೆ ಅಂದರೂ ಮೊದಲು ನೋಡಬೇಕಾದದ್ದು ಆ ದಿನಾಂಕ, ಆಮೇಲೆ ಸಿಲಿಂಡರಿನ ತುಕ್ಕು. ಸೀಸನ್ ಶುರುವಾಗುವ ಹೊತ್ತಿಗೆ ಬೇಕಿದ್ದರೆ ಜುಲೈಯಲ್ಲೇ ಆರ್ಡರ್ ಹಾಕಿಡಿ.